ಕೋಣನಬೆನ್ನಿನ ಮೂರನೆಯ ಚುಕ್ಕಿ

ಕೋಣನಬೆನ್ನು ಎಂಬ ಇಳಿದಾರಿ ಶುರುವಾಗುವ ಕಡೆ ಒಂದು ಕರಿಗಲ್ಲಿತ್ತು. ಕುಕ್ಕರುಗಾಲಿನಲ್ಲಿ ಕೂತ ಹೆಂಗಸಿನಷ್ಟು ಎತ್ತರ, ಮುಖ ಊರಿನ ಕಡೆಗೆ. ಅದರ ಮೇಲೆ ಬಿಳಿ ಬಣ್ಣದ ಮೂರು ಚುಕ್ಕಿಗಳಿದ್ದವು. ಎಷ್ಟೋ ಸಂಜೆ ನಾನು ಆ ಕಲ್ಲಿನ ತನಕ ಸೈಕಲ್ ತುಳಿದು ಹೋಗಿ, ಎಣಿಸುವಂಥದ್ದು ಏನೂ ಇಲ್ಲದಿದ್ದರೂ ಅವನ್ನು ಎಣಿಸಿ, ಹಿಂದೆ ತಿರುಗಿ ಬರುತ್ತಿದ್ದೆ.

ಊರಿನ ಬೆನ್ನಿಗೇ ಅಂಟಿಕೊಂಡಿದ್ದ ಗುಡ್ಡ ಅದು. ಕುರಿಗಳೂ ಸೌದೆಯವರೂ ತುಳಿದು ಮಾಡಿದ ಅಲ್ಲಿನ ದಾರಿಗಳಲ್ಲಿ ಸೈಕಲ್ ಓಡಿಸುವ ಒಂದು ಬಳಗ ನಮ್ಮಲ್ಲಿತ್ತು. ರಿಪೇರಿ ಅಂಗಡಿಯ ಮಕ್ಬೂಲ್ ಸಾಹೇಬರು ಅದಕ್ಕೆ ಹಿರಿಯರು. ದಾರಿಯ ಬಾಯಲ್ಲಿ ಒಂದು ಚುಕ್ಕಿ ಇದ್ದರೆ ಅದು ಹೊಸಬರದು. ಎರಡಿದ್ದರೆ ಬ್ರೇಕು ಹಿಡಿಯುವುದನ್ನಷ್ಟೇ ಅಲ್ಲ, ಬಿಡುವುದನ್ನೂ ಕಲಿತವರದು. ಮೂರಿದ್ದರೆ, ಬಿದ್ದು ಏಳುವುದನ್ನು ಕಲಿತವರದು. ಮಳೆಯ ನೀರು ಪ್ರತಿವರ್ಷ ದಾರಿಗಳನ್ನು ಎಲ್ಲೋ ಕೊರೆದು ಇನ್ನೆಲ್ಲೋ ತುಂಬಿಸಿಬಿಡುತ್ತಿದ್ದುದರಿಂದ ಹಳೆಯ ಚುಕ್ಕಿ ಮುಂದಿನ ವರ್ಷಕ್ಕೆ ನಡೆಯುತ್ತಿರಲಿಲ್ಲ. ಮಳೆಗಾಲ ಕಳೆದ ಮೇಲೆ ಕಲ್ಲುಗಳನ್ನೆಲ್ಲ ಉಜ್ಜಿ ಬರಿದು ಮಾಡಿ, ಒಬ್ಬರ ಕೈಗೆ ಕುಂಚ ಕೊಡುತ್ತಿದ್ದರು. ಕುಂಚ ಹಿಡಿದವರು ಪ್ರತಿಯೊಂದು ದಾರಿಯನ್ನೂ ಒಬ್ಬರೇ ಸೈಕಲ್ಲಿನಲ್ಲಿ ಇಳಿದು, ಆಮೇಲೆ ಚುಕ್ಕಿ ಇಡಬೇಕು.

"ಕಣ್ಣು ಹೇಳಿದ್ದಲ್ಲಮ್ಮ, ಕಾಲು ಹೇಳಿದ್ದು ಬರೀಬೇಕು," ಎನ್ನುತ್ತಿದ್ದರು ಸಾಹೇಬರು. ಕುಂಚದವರ ಮಾತನ್ನು ಮತ್ತೆ ಯಾರೂ ಪರೀಕ್ಷೆ ಮಾಡುತ್ತಿರಲಿಲ್ಲ.

ಆಗ ನನಗೆ ನಲವತ್ತು ದಾಟಿತ್ತು. ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ನಿಂತಲ್ಲಿ ನಿಲ್ಲಲಾಗದ ಒಂದು ತಹತಹ ಮಾತ್ರ ನನ್ನೊಳಗಿತ್ತು. ಒಗ್ಗರಣೆಗೆ ಸಾಸಿವೆ ಸಿಡಿಯುವುದನ್ನು ಕಾಯುತ್ತ ನಿಂತಾಗಲೂ ನನ್ನ ಬಲಗಾಲು ಪೆಡಲ್ ಹುಡುಕುತ್ತಿತ್ತು. ಎರಡು ವರ್ಷ ಒಂದು ಚುಕ್ಕಿಯ ದಾರಿಯಲ್ಲೇ ಸುತ್ತಿ, ಮೂರನೆಯ ವರ್ಷ ಎರಡು ಚುಕ್ಕಿಗೆ ಏರಿದ್ದೆ. ಆ ವರ್ಷ ಸಾಹೇಬರು "ಈ ಸಲ ಯಾರು?" ಎಂದು ಕೇಳಿದಾಗ, ನನಗಿಂತ ಮೊದಲು ನನ್ನ ಕೈ ಎದ್ದಿತು.

ಆರು ದಾರಿಗಳನ್ನು ಮೂರು ದಿನಗಳಲ್ಲಿ ಇಳಿದೆ. ಉಳಿದದ್ದು ಕೋಣನಬೆನ್ನು. ನಾಲ್ಕನೆಯ ದಿನ ಕರಿಗಲ್ಲಿನ ಪಕ್ಕ ನಿಂತು, ಒಂದು ಕಾಲು ಪೆಡಲಿನ ಮೇಲಿಟ್ಟೆ, ತೆಗೆದೆ. ಮತ್ತೆ ಇಟ್ಟೆ. ಕೆಳಗೆ ಊರಿನ ಹೆಂಚುಗಳು ಬಿಸಿಲಿಗೆ ಮಿನುಗುತ್ತಿದ್ದವು. ಮೊದಲು ಒಮ್ಮೆ ನಡೆದು ನೋಡೋಣ, ಆಮೇಲೆ ಇಳಿಯೋಣ ಎಂದುಕೊಂಡು ಸೈಕಲ್ಲನ್ನು ಪೊದೆಗೆ ಒರಗಿಸಿ ನಡೆದೆ.

ದಾರಿ ಎಷ್ಟು ಸಲೀಸಾಗಿತ್ತೆಂದರೆ ನನಗೆ ನಗು ಬಂತು. ನಿಜಕ್ಕೂ ಕೋಣನ ಬೆನ್ನಿನಂಥ ನುಣುಪು ಬಂಡೆ. ಅದರ ಕೊನೆಗೆ ಮೊಣಕಾಲೆತ್ತರದ ಒಂದು ಇಳಿತ, ಅಷ್ಟೇ. ಬಂಡೆಯ ಮೇಲೆ ಕೂತು ಸುಧಾರಿಸಿಕೊಂಡೆ. ಇಳಿತವನ್ನು ಒಂದೇ ಹೆಜ್ಜೆಗೆ ಇಳಿದೆ. ಪೊದೆಗಳ ನಡುವೆ ಬುಡದ ತನಕ ಹೋಗಿ, ಮೇಲೆ ಹತ್ತಿ ಬಂದೆ. ಸೈಕಲ್ ಹತ್ತುವ ಹೊತ್ತಿಗೆ, ನೋಡಿಯಾಯಿತಲ್ಲ, ಇನ್ನೇನು ಎಂದು ಮನಸ್ಸು ಒಂದು ನೆಪ ನೇಯ್ದುಕೊಟ್ಟಿತು. ಬಂದ ಸುಲಭದ ದಾರಿಯಲ್ಲೇ ಹಿಂದಿರುಗಿದೆ.

ಸಾಹೇಬರ ಅಂಗಡಿಯ ಪಕ್ಕದ್ದೇ ಚಂಪಕ್ಕನ ಹೊಲಿಗೆ ಅಂಗಡಿ. ಚಂಪಕ್ಕ ನನಗಿಂತ ಆರು ವರ್ಷ ದೊಡ್ಡವಳು, ಒಂಟಿ ಜೀವ. ನನ್ನನ್ನು ಗುಡ್ಡಕ್ಕೆ ಎಳೆದುಕೊಂಡು ಹೋದವಳು ಅವಳೇ. ನಾನು ಬಂದದ್ದು ಕಂಡು ಸಾಹೇಬರೂ ಕೈ ಒರೆಸಿಕೊಳ್ಳುತ್ತ ಬಂದರು.

"ಹೇಗಿದೆಯಮ್ಮ ಕೋಣ? ಹಾಯಿತಾ?"

ಆ ದಾರಿ ಇಳಿದವರು ಮೊಣಕೈಯನ್ನೋ ಮಂಡಿಯನ್ನೋ ತರಚಿಕೊಳ್ಳದೆ ಬಂದದ್ದೇ ಇರಲಿಲ್ಲ. ನನ್ನ ಮೈ ಮೇಲೆ ಒಂದು ಗೀರೂ ಇರಲಿಲ್ಲ. ಮೂರು ಎಂದರೆ ಗೀರು ತೋರಿಸಬೇಕಿತ್ತು.

"ಈ ಸಲ ಮಣ್ಣು ತುಂಬಿದೆ, ಸಾಹೇಬ್ರೇ. ಎರಡು ಸಾಕು," ಎಂದೆ.

"ಅಂತೂ ಗುಡ್ಡವೇ ನನ್ನ ಹತ್ರ ಇಳಿದು ಬಂತು ಅನ್ನು!" ಎಂದು ಚಂಪಕ್ಕ ಚಪ್ಪಾಳೆ ತಟ್ಟಿದಳು. ಹತ್ತು ವರ್ಷದಿಂದ ಅವಳು ಎರಡು ಚುಕ್ಕಿಯವಳು. "ಬಾ ಇಲ್ಲಿ, ಏನಿದು ನಿನ್ನ ಅವತಾರ?" ಎಂದವಳೇ ಬಗ್ಗಿ, ನನ್ನ ಪೈಜಾಮದ ಅಂಚಿಗೆ ಅಂಟಿದ್ದ ಉತ್ತರಾಣಿ ಮುಳ್ಳುಗಳನ್ನು ಒಂದೊಂದಾಗಿ ಕಿತ್ತು ಹಾಕಿದಳು. ನಾನು ಮಗುವಿನ ಹಾಗೆ ನಿಂತುಕೊಂಡಿದ್ದೆ.

ಮರುದಿನ ಕಲ್ಲಿನ ಮೇಲೆ ಎರಡು ಚುಕ್ಕಿ ಇಟ್ಟೆ. ದುಂಡಗೆ, ಚೆಂದವಾಗಿ ಬಂದವು.

ಆ ಭಾನುವಾರ ಮೊದಲು ಇಳಿದವಳು ಚಂಪಕ್ಕ. ಮೇಲೆ ನಿಂತ ನಮಗೆ ಅವಳ ಕೂಗು ಕೇಳಲಿಲ್ಲ. ಸೈಕಲ್ ಬಂಡೆಗೆ ಬಡಿದ ಸದ್ದು ಕೇಳಿತು. ನಡೆಯುವವಳಿಗೆ ಒಂದು ಮೆಟ್ಟಿಲಾಗಿದ್ದ ಆ ಇಳಿತ ಚಕ್ರಕ್ಕೆ ಬಾವಿಯಾಗಿತ್ತು. ಅವಳ ಬಲಗಡೆಯ ಕೊರಳೆಲುಬು ಮುರಿದಿತ್ತು. ಎತ್ತಿಕೊಂಡು ಬರುವಾಗ ಸಾಹೇಬರು ನನ್ನ ಕಡೆ ತಿರುಗಿ, "ಎರಡೇ ಅಂದ್ರಲ್ಲಮ್ಮ, ಸರಿಯಾಗಿ ಇಳಿದಿದ್ರಿ ತಾನೇ?" ಎಂದರು. ನಾನು ಹೌದೆಂದು ತಲೆಯಾಡಿಸಿದೆ. ನೋವಿನಲ್ಲೂ ಚಂಪಕ್ಕ, "ದಾರೀದು ಏನೂ ಇಲ್ಲ ಬಿಡಿ, ನಾನೇ ಬ್ರೇಕು ತಪ್ಪಿ ಹಿಡಿದೆ," ಎಂದಳು.

ಹೊಲಿಯುವವಳ ಬಲಗೈ ಜೋಳಿಗೆಯಲ್ಲಿ ತೂಗಿತು. ದಿನಾ ಮಧ್ಯಾಹ್ನ ನಾನು ಅವಳ ಅಂಗಡಿಗೆ ಹೋಗತೊಡಗಿದೆ. ಹುಕ್ಕು ಹಾಕಿದೆ, ಅಂಚು ಹೊಲಿದೆ. ಅವಳು ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಬಟ್ಟೆಯ ಮೇಲೆ ಚುಕ್ಕಿ ಇಡುತ್ತಿದ್ದಳು. ಅಭ್ಯಾಸವಿಲ್ಲದ ಕೈ, ಪ್ರತಿ ಚುಕ್ಕಿಗೂ ಎಡಕ್ಕೊಂದು ಬಾಲ ಎಳೆದುಕೊಳ್ಳುತ್ತಿತ್ತು.

"ಗೊದಮೊಟ್ಟೆ ಬಿಟ್ಟ ಹಾಗಿದೆ," ಎಂದು ತಾನೇ ನಗುತ್ತಿದ್ದಳು. "ಗುರುತು ನಂದು, ಹೊಲಿಗೆ ನಿಂದು. ನೋಡಿ ಹಾಕೇ, ಸೊಟ್ಟ ಹೋದ್ರೆ ಉಡೋರಿಗೆ ಗೊತ್ತಾಗುತ್ತೆ."

ಹೇಳಿಬಿಡಬೇಕೆಂದು ದಿನಾ ಹೋಗುತ್ತಿದ್ದೆ. ಬಾಯಿ ತೆರೆದರೆ ದಾರದ ಬಣ್ಣ ಕೇಳುತ್ತಿದ್ದೆ. ಮನೆಯಲ್ಲಿ ಕೂತರೆ ನಿಲ್ಲಬೇಕೆನಿಸುತ್ತಿತ್ತು, ನಿಂತರೆ ಹೊರಡಬೇಕೆನಿಸುತ್ತಿತ್ತು. "ಏನಾಗಿದೆ ನಿನಗೆ, ಕಾಲಿಗೆ ಚಕ್ರ ಕಟ್ಟಿಕೊಂಡ ಹಾಗೆ?" ಎಂದರು ನಮ್ಮ ಮನೆಯವರು. ಚಕ್ರ ಕಟ್ಟಿಕೊಳ್ಳದ್ದೇ ಆಗಿದ್ದು ಎಂದು ಹೇಳಲಿಲ್ಲ.

ಎರಡು ಭಾನುವಾರ ಬಳಗ ಗುಡ್ಡಕ್ಕೆ ಹೋಗಲಿಲ್ಲ. ಮೂರನೆಯ ಭಾನುವಾರದ ಹಿಂದಿನ ದಿನ ಚಂಪಕ್ಕ, ತಲೆ ಎತ್ತದೆಯೇ ಹೇಳಿದಳು: "ನಾಳೆ ಫಿಲೋಮಿನಾ ಕೋಣನಬೆನ್ನು ಇಳೀತಾಳಂತೆ." ಫಿಲೋಮಿನಾ ಆಸ್ಪತ್ರೆಯ ನರ್ಸು, ಆಗಷ್ಟೇ ಎರಡು ಚುಕ್ಕಿಗೆ ಬಂದಿದ್ದಳು. "ಇಳೀಬಹುದಾ ಅಕ್ಕ ಅಂತ ಕೇಳಿದ್ಲು. ಕುಂಚ ಹಿಡಿದವಳನ್ನು ಕೇಳು ಅಂದೆ."

ಸೂಜಿ ನನ್ನ ಬೆರಳಿಗೆ ಚುಚ್ಚಿತು. "ಹೂಂ," ಎಂದಷ್ಟೇ ಅಂದೆ.

ಮರುದಿನ ಎಲ್ಲರಿಗಿಂತ ಮುಂಚೆ, ಬೆಳಕು ಹರಿಯುವ ಹೊತ್ತಿಗೆ, ಬಣ್ಣದ ಡಬ್ಬಿ ಹಿಡಿದು, ಸೈಕಲ್ ತಳ್ಳಿಕೊಂಡು ಗುಡ್ಡ ಹತ್ತಿದೆ. ಯಾರೂ ಬರುವ ಮೊದಲು ಇನ್ನೊಂದು ಚುಕ್ಕಿ ಇಟ್ಟು, ಮಣ್ಣು ಕುಸಿದಿದೆ ಎಂದುಬಿಡುವುದು ನನ್ನ ಯೋಚನೆ. ಒಂದು ಸುಳ್ಳನ್ನು ಇನ್ನೊಂದು ಸುಳ್ಳಿನಿಂದ ಅಳಿಸುವ ಯೋಚನೆ.

ಕಲ್ಲಿನ ಮೇಲೆ ಮೂರು ಚುಕ್ಕಿಗಳಿದ್ದವು.

ಮೂರನೆಯದು ಬಣ್ಣದ್ದಲ್ಲ, ಸೀಮೆಸುಣ್ಣದ್ದು. ಅದಕ್ಕೆ ಎಡಕ್ಕೊಂದು ಬಾಲವಿತ್ತು.

ಕೈಯನ್ನು ಜೋಳಿಗೆಯಲ್ಲಿ ಹಾಕಿಕೊಂಡು ಅವಳು ಅಷ್ಟು ಎತ್ತರ ನಡೆದು ಬಂದಿದ್ದಳು. ಸೀಮೆಸುಣ್ಣದ ಗುರುತು ಬಟ್ಟೆಯಲ್ಲಿ ಉಳಿಯುವುದಿಲ್ಲ; ಅದರ ಮೇಲೆ ಯಾರಾದರೂ ಹೊಲಿಯಬೇಕು. ಡಬ್ಬಿಯನ್ನು ಕೆಳಗಿಟ್ಟು ನಾನು ಕಲ್ಲಿಗೆ ಒರಗಿ ಕೂತೆ. ಎಷ್ಟೋ ದಿನಗಳ ಮೇಲೆ ನನ್ನ ಕಾಲು ಅಲ್ಲಾಡದೆ ಸುಮ್ಮನಿತ್ತು.

ಬಳಗ ಬಂತು. ಫಿಲೋಮಿನಾ ಹೊಸ ಕೈಗವಸು ಹಾಕಿಕೊಂಡು ಬಂದಿದ್ದಳು. ಸಾಹೇಬರು ಕಲ್ಲನ್ನು ನೋಡಿ, ನನ್ನನ್ನು ನೋಡಿದರು.

"ನಾನು ಅವತ್ತು ಇಳಿಯಲಿಲ್ಲ, ಸಾಹೇಬ್ರೇ," ಎಂದೆ. "ಹೆದರಿದೆ. ನಡೆದು ನೋಡಿ ಎರಡು ಅಂದೆ."

ಫಿಲೋಮಿನಾ ಕೈಗವಸನ್ನು ಮೆಲ್ಲಗೆ ಕಳಚಿದಳು. ಅವಳ ಕಣ್ಣು ನನ್ನನ್ನು ತಪ್ಪಿಸಿ ಆ ಬಂಡೆಯ ಕಡೆ ಹೋಯಿತು. ಆ ನೋಟವನ್ನು ನಾನು ಇಂದಿಗೂ ಮರೆತಿಲ್ಲ. ಸಾಹೇಬರು ನನ್ನ ಸೈಕಲ್ಲಿನ ಬ್ರೇಕನ್ನು ಎರಡು ಸಲ ಒತ್ತಿ ನೋಡಿ, ಹ್ಯಾಂಡಲ್ಲನ್ನು ನನ್ನ ಕೈಗೆ ಕೊಟ್ಟರು.

"ಕುಂಚ ಇನ್ನೂ ನಿಮ್ಮದೇ ಅಲ್ವಾ. ಬಂಡೆ ಮೇಲೆ ಬ್ರೇಕು ಮುಟ್ಟಬೇಡಿ. ಇಳಿತದಲ್ಲಿ ಮೈ ಹಿಂದಕ್ಕೆ. ಹೋಗಿ."

ಇಳಿದೆ. ಬಂಡೆ ನಡೆದಾಗಿನ ಬಂಡೆಯೇ ಆಗಿರಲಿಲ್ಲ. ಅದು ನನ್ನ ಕೆಳಗೆ ಉಸಿರಾಡುತ್ತಿತ್ತು. ಇಳಿತದಲ್ಲಿ ಮೈ ಹಿಂದಕ್ಕೆ ಎಳೆದುಕೊಂಡೆನೆಂದುಕೊಂಡೆ, ಆದರೂ ಮುಂದಿನ ಚಕ್ರ ಮುಳುಗಿತು. ಮೊಣಕೈ, ಮಂಡಿ, ಗಲ್ಲ ಒಟ್ಟಿಗೆ ಮಣ್ಣು ಮುಟ್ಟಿದವು. ಎದ್ದೆ. ಸೈಕಲ್ಲನ್ನು ಎತ್ತಿ ಮತ್ತೆ ಹತ್ತಿ, ಬುಡದ ತನಕ ಹೋದೆ. ತಿರುಗಿ ಮೇಲೆ ಬಂದು, ರಕ್ತ ಒಸರುವ ಕೈಯಿಂದಲೇ ಸೀಮೆಸುಣ್ಣದ ಚುಕ್ಕಿಯ ಮೇಲೆ ಬಣ್ಣ ಹಚ್ಚಿದೆ. ಬಾಲವನ್ನೂ ಬಿಡಲಿಲ್ಲ.

ಅಲ್ಲಿಂದ ನೇರ ಚಂಪಕ್ಕನ ಮನೆಗೆ ಹೋದೆ. ಅವಳು ನನ್ನ ಗಲ್ಲ ನೋಡಿ, ಅರಿಶಿನದ ಡಬ್ಬಿ ತಂದಳು.

"ಯಾವಾಗ ಗೊತ್ತಾಯ್ತು ಅಕ್ಕ?"

"ಬಿದ್ದು ಮಲಗಿದ್ದಾಗ. ಆಕಾಶ ನೋಡೋದು ಬಿಟ್ಟು ಬೇರೆ ಕೆಲಸ ಇರಲಿಲ್ಲವಲ್ಲ, ನಿನ್ನ ಪೈಜಾಮದ ಅಂಚು ನೆನಪಾಯ್ತು. ಸೈಕಲ್ ಮೇಲೆ ಕೂತವಳಿಗೆ ಅಷ್ಟು ಉತ್ತರಾಣಿ ಎಲ್ಲಿಂದ ಅಂಟುತ್ತೆ?"

"ಮತ್ತೆ ಯಾಕೆ ಹೇಳಲಿಲ್ಲ? ಬೈಬಹುದಿತ್ತಲ್ಲ."

ಎಡಗೈಯಿಂದ ಅರಿಶಿನ ಒತ್ತಿದಳು, ಬೇಕೆಂದೇ ಜೋರಾಗಿ. "ಬೈಯೋದಕ್ಕೆ ಬಲಗೈ ಬೇಕು ಕಣೇ. ವಾಸಿಯಾಗಲಿ, ಇರು."

ವಾಸಿಯಾಯಿತು. ಬೈದಳು ಕೂಡ, ಎರಡು ವರ್ಷ, ಸಂದರ್ಭ ಸಿಕ್ಕಾಗಲೆಲ್ಲ. ಆದರೆ ಆ ಭುಜ ಮತ್ತೆ ಹಳೆಯ ಭುಜವಾಗಲಿಲ್ಲ. ಚಂಪಕ್ಕ ಒಂದು ಚುಕ್ಕಿಯ ದಾರಿಗೆ ಮರಳಿದಳು. ನಾನು ಅವಳ ಹಿಂದೆ ಹಿಂದೆ, ಅವಳ ವೇಗಕ್ಕೆ ತುಳಿದೆ.

ಈಗ ಕುಂಚ ಹಿಡಿಯುವವರು ಬೇರೆ, ಕಿರಿಯರು. ಮಳೆ ಕಳೆದ ಮೇಲೆ ಅವರು ಇಳಿಯುತ್ತಾರೆ, ಬೀಳುತ್ತಾರೆ, ಬಂದು ಚುಕ್ಕಿ ಇಡುತ್ತಾರೆ. ಕೋಣನಬೆನ್ನಿಗೆ ಮೂರು ಬೀಳುವ ವರ್ಷಗಳಲ್ಲಿ, ಮೊದಲ ಎರಡನ್ನು ದುಂಡಗೆ ಬರೆದು, ಕುಂಚವನ್ನು ಎಡಗೈಗೆ ಬದಲಿಸಿಕೊಳ್ಳುತ್ತಾರೆ. ಹಾಗೆ ಯಾಕೆಂದು ಅವರಿಗೂ ತಿಳಿಯದು. ಮುಂಚಿನವರು ಹಾಗೆ ಮಾಡುತ್ತಿದ್ದರಂತೆ. ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ ಕರಿಗಲ್ಲಿನ ಮೇಲೆ ಮೊದಲು ಹೊಳೆಯುವುದು ಆ ಸೊಟ್ಟ ಚುಕ್ಕಿ, ಎಡಕ್ಕೆ ಬಾಲ ಚಾಚಿಕೊಂಡು, ಇನ್ನೇನು ಈಜಿ ಹೊರಡುವ ಹಾಗೆ.