ಬಾಣದಕ್ಕ ಮತ್ತು ಎರಡು ಪಂಪುಗಳು

ಗಾಳಿಯಲ್ಲಿ ಬೆರಳಿನಿಂದ ಒಂದು ವೃತ್ತ, ಅದರಿಂದ ಹೊರಟ ಬಾಣ, ಬಾಣದ ತುದಿಗೆ ಇನ್ನೊಂದು ವೃತ್ತ ಎಳೆಯದೆ ಆಕೆಗೆ ಯಾವ ವಿಷಯವನ್ನೂ ಹೇಳಲು ಬರುತ್ತಿರಲಿಲ್ಲವಾಗಿ, ನಿಜವಾದ ಹೆಸರು ಹಾಜರಿಪಟ್ಟಿಯಲ್ಲಷ್ಟೇ ಉಳಿದು, ಕಚೇರಿಗೆಲ್ಲ ಆಕೆ ಬಾಣದಕ್ಕನೇ ಆಗಿಹೋಗಿದ್ದಳು. ನಡಿಗೆಯೂ ವಿಚಿತ್ರ: ತಿರುವು ಬಂದಲ್ಲೆಲ್ಲ ಅರೆಗಳಿಗೆ ನಿಂತು, ಆ ಕಡೆಯಿಂದ ಯಾರಾದರೂ ಬರುತ್ತಿರಬಹುದೇ ಎಂದು ಕಿವಿಗೊಟ್ಟು, ಆಮೇಲೆ ಹೆಜ್ಜೆ ಇಡುವಳು. "ಎರಡೂ ಒಟ್ಟಿಗೇ ಆದ್ರೆ?" ಎಂಬುದು ಆಕೆಯ ನಿತ್ಯದ ಪ್ರಶ್ನೆ. ಹಾಲು ಉಕ್ಕುವುದೂ ಬಾಗಿಲು ಬಡಿಯುವುದೂ ಒಟ್ಟಿಗೇ ಆದರೇನು ಗತಿ ಎಂದು ಹೆದರಿ, ಹಾಲು ಕಾಯಿಸುವ ಕೆಲಸವನ್ನೇ ಗಂಡನಿಗೆ ವಹಿಸಿಬಿಟ್ಟಿದ್ದಳು.

ಅಂಥವಳ ಪಾಲಿಗೆ ಆಸ್ಪತ್ರೆಯ ಪಂಪಿನ ಕೆಲಸ ಬಂತು. ರೋಗಿಯ ನರಕ್ಕೆ ಔಷಧವನ್ನು ಹನಿಹನಿಯಾಗಿ ಇಳಿಸುವ ಎರಡು ಪಂಪುಗಳು. ಎರಡಕ್ಕೂ ಒಂದೇ ಪರದೆ, ಒಂದೇ ಎಚ್ಚರಿಕೆಯ ಗಂಟೆ. ಅವನ್ನು ನಡೆಸುವ ತಂತ್ರಾಂಶದ ನಡವಳಿಕೆಯನ್ನು ಮೊದಲೇ ಗಣಿತದ ಕಟ್ಟುನಿಟ್ಟಿನಲ್ಲಿ ಚಿತ್ರಿಸಿ, ಎಲ್ಲೂ ಎಡವದೆಂದು ಕಂಪ್ಯೂಟರಿನಿಂದ ಪರೀಕ್ಷಿಸುವುದು ಆಕೆಯ ಹೊಣೆ. ಹಾಗೆ ಚಿತ್ರಿಸಲು ಹಾದಿಗಳು ಎರಡಿದ್ದವು. ಸ್ಥಿತಿಚಿತ್ರವನ್ನು ಎಲ್ಲರೂ ಬಲ್ಲರು: ವೃತ್ತವೆಂದರೆ ಸ್ಥಿತಿ, ಬಾಣವೆಂದರೆ ಬದಲಾವಣೆ, ಆದರೆ ಎರಡು ಪಂಪುಗಳನ್ನು ಜೋಡಿಸಹೊರಟರೆ ವೃತ್ತಗಳು ಗೋಡೆ ತುಂಬಿ, ಏಕಕಾಲಕ್ಕೆ ನಡೆಯುವ ಘಟನೆಗಳು ಆ ಗೊಂಡಾರಣ್ಯದಲ್ಲಿ ಅಡಗಿಬಿಡುತ್ತಿದ್ದವು. ಇನ್ನೊಂದು ಹಾದಿಯಾದ ಪೆಟ್ರಿ ಜಾಲವೆಂಬ ಚಿತ್ರದಲ್ಲಾದರೋ ಚೌಕಾಬಾರದಲ್ಲಿನಂತೆ ಬಿಲ್ಲೆಗಳು ಮನೆಯಿಂದ ಮನೆಗೆ ಸರಿಯುತ್ತವೆ; ಪರದೆ ಯಾರ ಕೈಲಿದೆ, ಗಂಟೆಗಾಗಿ ಯಾರು ಕಾದಿದ್ದಾರೆ ಎಂಬುದು ಕಣ್ಣಿಗೆ ಕಟ್ಟುತ್ತದೆ. ಅದನ್ನು ಓದಬಲ್ಲವಳು ಮಾತ್ರ ತಂಡದಲ್ಲಿ ಅವಳೊಬ್ಬಳೇ.

"ನೀವು ಹಾಸಿಗೆ ಹಿಡಿದ್ರೆ ಈ ಜಾಲಾನ ತಿದ್ದೋರು ಯಾರು?" ಎಂದು ಮುಖ್ಯಸ್ಥ ಮೆಲ್ಲಗೆ ಕೇಳಿದ. ಹಟದ ಮಾತಾಗಿದ್ದರೆ ಎದುರಾಡಬಹುದಿತ್ತು; ಮಾತು ನ್ಯಾಯವಾಗಿತ್ತು, ಅದಕ್ಕೇ ಚುಚ್ಚಿತು. ಯಾರೂ ಓದಲಾರದ ಚಿತ್ರವೂ ಅಪಾಯವೇ. ಬಾಣದಕ್ಕನಿಗೆ ಅನ್ನ ಸೇರದಾಯಿತು. ಬೂದುಬಣ್ಣದ ಸ್ವೆಟರಿನ ತೋಳನ್ನು ಎಳೆದೆಳೆದು ಅಂಗೈ ಮುಚ್ಚಿಕೊಂಡು ಕೂತಿರುತ್ತಿದ್ದಳು.

ತಂಗಿ ಆಸ್ಪತ್ರೆಯಲ್ಲಿ ನರ್ಸು. ರಜೆಯ ದಿನ ಮನೆಗೆ ಬಂದವಳ ಮುಂದೆ ಎರಡೂ ಹಾಳೆ ಹರಡಿ ಗೋಳು ಹೇಳಿಕೊಂಡಾಗ, ಅವಳು ಚಿತ್ರಗಳತ್ತ ಸರಿಯಾಗಿ ನೋಡಲೂ ಇಲ್ಲ. "ಅದೆಲ್ಲ ನಂಗೆ ಗೊತ್ತಾಗಲ್ಲ ಕಣಕ್ಕ. ಪಂಪು ನಿಂತುಹೋದ್ರೆ ನಂಗೆ ಕೇಳಿಸುತ್ತಾ, ಅದನ್ನ ಹೇಳು."

ಅಕ್ಕ ಜಾಲದ ಹಾಳೆಯನ್ನು ಹತ್ತಿರಕ್ಕೆಳೆದು ಗಂಟೆಯ ಮನೆಯ ಮೇಲೆ ಬೆರಳಿಟ್ಟಳು. ಮರುದಿನವೇ ಬಾಣದಕ್ಕ ಮುಖ್ಯಸ್ಥನ ಎದುರು ನಿಂತು, ಉಳಿದದ್ದಕ್ಕೆಲ್ಲ ಸ್ಥಿತಿಚಿತ್ರವೇ ಇರಲಿ, ಪರದೆ ಮತ್ತು ಗಂಟೆಯ ಭಾಗಕ್ಕೆ ಮಾತ್ರ ಜಾಲ ಬೇಕು, ಓದುವುದನ್ನು ತಾನೇ ಎಲ್ಲರಿಗೂ ಕಲಿಸುತ್ತೇನೆ ಎಂದಳು. ಅಂಗಿಯ ಗುಂಡಿಗಳನ್ನು ಬಿಲ್ಲೆಗಳಾಗಿಟ್ಟು, ಮಕ್ಕಳಿಗೆ ಆಟ ಹೇಳಿಕೊಟ್ಟಂತೆ ಕಲಿಸಿಯೂ ಬಿಟ್ಟಳು.

ಕಡೆಗೆ ಪರೀಕ್ಷೆಯಲ್ಲಿ ಯಾವ ಬಿಲ್ಲೆಯೂ ಕದಲಲಾಗದ ಒಂದು ಗಳಿಗೆ ಸಿಕ್ಕಿತು: ಒಂದು ಪಂಪು ಪರದೆ ಹಿಡಿದು ಗಂಟೆಗೆ ಕಾದಿದೆ, ಇನ್ನೊಂದು ಗಂಟೆ ಹಿಡಿದು ಪರದೆಗೆ ಕಾದಿದೆ. ತಪ್ಪು ಚಿತ್ರದಲ್ಲಿದೆಯೋ ಪಂಪಿನಲ್ಲೋ ತಿಳಿಯದೆ, ಬರಿಯ ನೀರು ತುಂಬಿದ ಚೀಲಗಳನ್ನು ತೂಗಿಬಿಟ್ಟು ಅದೇ ಕ್ರಮದಲ್ಲಿ ಪಂಪಿನ ಗುಂಡಿಗಳನ್ನೊತ್ತಿದರು. ಹನಿ ನಿಂತಿತು. ಗಂಟೆ ಹೊಡೆಯಲಿಲ್ಲ.

ಗಂಟೆ ಹೊಡೆಯಲು ಯಾವ ಪಂಪೂ ಪರದೆಗೆ ಕಾಯದಂತೆ ತಿದ್ದಿದ ಮೇಲೆ ಎಲ್ಲರೂ ಬಂದು ಹೊಗಳಿದರು. ಆಕೆಯ ಮುಖ ಮಾತ್ರ ಇನ್ನಷ್ಟು ಇಳಿದಿತ್ತು. "ಬರೆದಿದ್ರಲ್ಲಿ ಇದು ಸಿಕ್ತು. ಬರೀದೇ ಬಿಟ್ಟಿದ್ರಲ್ಲಿ ಇನ್ನೇನಿದೆಯೋ."

ಇಂಥವರ ಜೊತೆ ಬಾಳುವುದು ಸುಲಭವಲ್ಲ. ಅವರ ಶಂಕೆ ನಮ್ಮ ನೆಮ್ಮದಿಗೂ ಅಂಟಿಕೊಳ್ಳುತ್ತದೆ. ಆದರೆ ನಡೆದ ಅನಾಹುತಕ್ಕೆ ನೂರು ಸಾಕ್ಷಿಗಳಿದ್ದರೆ ನಡೆಯದೆ ಹೋದದ್ದಕ್ಕೆ ಒಂದೂ ಇರುವುದಿಲ್ಲ. ಆದ್ದರಿಂದಲೇ ಕಾಪಾಡಿದವರಿಗೆ ತಾವು ಕಾಪಾಡಿದೆವೆಂಬ ನಂಬಿಕೆ ಕೊನೆಯವರೆಗೂ ಹುಟ್ಟುವುದಿಲ್ಲ, ಹಾಸಿಗೆಯಲ್ಲಿ ಮಲಗಿದ ನಮಗೋ ಅವರಿದ್ದರೆಂಬುದೇ ಗೊತ್ತಾಗುವುದಿಲ್ಲ.