ಒಂದು ನಂಬರು ಹಿಂದೆ

“ನಡಿಯೋ ಮುಂದೆ. ಈಗ ನೀನೇ ಮೊದಲನೇವ್ನು,” ಎಂದು ಗಸ್ ಬೆನ್ನಿಗೆ ತಿವಿದಾಗ ವಾಲ್ಟ್ ಡುಡಾ ಶವಪೆಟ್ಟಿಗೆಯ ಹಿಂದೆ ಹೆಜ್ಜೆ ಇಟ್ಟ.

ಉಕ್ಕಿನ ಕಾರ್ಖಾನೆಯ ಹಳಬರಲ್ಲಿ ಯಾರು ಸತ್ತರೂ ಉಳಿದವರು ಕೆಲಸಕ್ಕೆ ಸೇರಿದ ದಿನ ಸಿಕ್ಕ ಹಾಜರಿ ನಂಬರಿನ ಸರದಿಯಲ್ಲೇ ಹಿಂದೆ ನಡೆಯಬೇಕು. ಈ ಸಾಲಿನಲ್ಲಿ ವಾಲ್ಟ್ ಯಾವಾಗಲೂ ನೋಡಿದ್ದು ಎಮಿಲ್ ಹ್ರಿಂಕೊನ ಅಗಲವಾದ ಬೆನ್ನನ್ನು. ಎಮಿಲ್ 4417, ವಾಲ್ಟ್ 4418. ಇವತ್ತು ಎಮಿಲ್ ಪೆಟ್ಟಿಗೆಯೊಳಗಿದ್ದ.

“ಸತ್ರೂ ನನಗಿಂತ ಮುಂದೇನೇ ಇದಾನೆ ನೋಡು,” ಎಂದ ವಾಲ್ಟ್.

“ಈ ಸಾಲಲ್ಲೂ ನಿಂಗೆ ಅವಸರಾನಾ ಮಾರಾಯ?” ಗಸ್ ನಕ್ಕ. ಗಸ್‌ನ ಹಿಂದೆ ಮತ್ಯಾರೂ ಇರಲಿಲ್ಲ.

ಚರ್ಚಿನ ಬಾಗಿಲು ದಾಟಿದರೆ ಎದುರು ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಎಮಿಲ್‌ನ ಮುಖ, ಮೂರು ಮಹಡಿ ಎತ್ತರ. ಕೆಳಗೆ ‘ಕೊನೆಯ ಬೆಂಕಿ ಆರಿಸಿದವನು’ ಎಂದು ಬರೆದಿತ್ತು. ಗೋಡೆಯ ಹಿಂದೆ, ಕಾರ್ಖಾನೆಯ ಪಂಪುಮನೆ ಇದ್ದಲ್ಲಿ, ಈಗ ಬಿಯರ್ ತಯಾರಿಸುತ್ತಾರೆ. ವಾಲ್ಟ್ ತಲೆ ಎತ್ತಲಿಲ್ಲ. ಆ ಚಿತ್ರ ಬಂದಾಗಿನಿಂದ, ನಾಲ್ಕು ವರ್ಷ, ಅವನು ಆ ರಸ್ತೆಯನ್ನೇ ಬಿಟ್ಟು ಸುತ್ತಿ ಹೋಗುತ್ತಿದ್ದ.

*

1964ರ ಫೆಬ್ರವರಿ. ನೇಮಕಾತಿಯ ಕಿಟಕಿಯ ಮುಂದೆ ಹುಡುಗರ ಸಾಲು. ಓಹಾಯೋದ ಆ ಕಣಿವೆಯಲ್ಲಿ ಆಗ ಒಣಹಾಕಿದ ಬಟ್ಟೆ ಮಸಿ ಹಿಡಿಯುತ್ತಿತ್ತು. ಹೆಂಗಸರು ಗೊಣಗುತ್ತಿರಲಿಲ್ಲ. ಮಸಿ ಬಿದ್ದರೆ ಸಂಬಳ ಬಿದ್ದಂತೆ.

ವಾಲ್ಟ್ ಮುಂದೆ, ಎಮಿಲ್ ಹಿಂದೆ ನಿಂತಿದ್ದರು. ಚಳಿ ತಡೆಯಲಾರದೆ ವಾಲ್ಟ್ ಕಾಫಿ ಗಾಡಿಯ ಕಡೆ ಹೋದ. ಅವನು ಬರುವಷ್ಟರಲ್ಲಿ ಸಾಲು ಸರಿದಿತ್ತು.

“ಬಾರೋ, ಇದು ನಿನ್ನ ಜಾಗ,” ಎಂದು ಎಮಿಲ್ ಕರೆದ.

“ಇರ್ಲಿ ಬಿಡೋ. ಒಂದು ನಂಬರಲ್ಲಿ ಏನಿದೆ?”

1979ರಲ್ಲಿ ಕಾರ್ಖಾನೆ ಅರ್ಧ ಜನರನ್ನು ಮನೆಗೆ ಕಳಿಸಿತು. ಕೊನೆಗೆ ಸೇರಿದವರು ಮೊದಲು ಹೊರಗೆ. ಪಟ್ಟಿಯಲ್ಲಿ ಗೆರೆ 4417ರ ಕೆಳಗೆ ಬಿತ್ತು. ವಾಲ್ಟ್ ಹೈಸ್ಕೂಲಿನ ನೆಲ ಒರೆಸುವ ಕೆಲಸ ಹಿಡಿದ. ಎಮಿಲ್ ಕುಲುಮೆಯ ಮುಂದೆ ಇನ್ನೂ ಮೂರು ವರ್ಷ ನಿಂತ. ಕುಲುಮೆ ಆರಿದ ಸಂಜೆ ಮುಖವನ್ನೂ ತೊಳೆಯದೆ ನೇರ ವಾಲ್ಟ್‌ನ ಮನೆಗೆ ಬಂದ.

“ವಾಲ್ಟ್, ಇವತ್ತು ಅಲ್ಲಿ ಏನಾಯ್ತು ಗೊತ್ತಾ...”

“ನಂಗ್ಯಾಕೋ ಹೇಳ್ತೀಯ? ಕೆಲ್ಸ ಇದ್ದೋರ ಹತ್ರ ಹೋಗಿ ಹೇಳ್ಕೋ.”

ವಾಲ್ಟ್ ಬಾಗಿಲು ಹಾಕಿಕೊಂಡ. ಎಮಿಲ್ ಮೆಟ್ಟಿಲ ಮೇಲೆ ಕೂತೇ ಇದ್ದ. ಕೊನೆಗೆ ಅವನ ಹೆಂಡತಿ ಬರ್ನಿಸ್ ಕಾರು ತಂದು ಕರೆದುಕೊಂಡು ಹೋದಳು. ವಾಲ್ಟ್ ಪರದೆಯ ಸಂದಿಯಿಂದ ನೋಡಿದ. ಅಳುತ್ತಿದ್ದವನ ಮೇಲೂ ಅವನಿಗೆ ಹೊಟ್ಟೆಕಿಚ್ಚಾಯಿತು. ಅಳುವುದಕ್ಕಾದರೂ ಎಮಿಲ್‌ಗೆ ಮೂರು ವರ್ಷದ ಕೆಲಸ ಹೆಚ್ಚು ಸಿಕ್ಕಿತ್ತು.

ಆಮೇಲೆ ಪತ್ರಿಕೆಯವರು ಬಂದರು. ಒಡೆದ ಕಿಟಕಿಗಳ ಫೋಟೋ ತೆಗೆದು ‘ತುಕ್ಕು ಹಿಡಿದ ಕಣಿವೆ’ ಎಂದು ಬರೆದರು. ಚಿತ್ರದಲ್ಲಿ ಎಮಿಲ್ ಇದ್ದ, ಮಸಿ ಮುಖದವ. ಇಪ್ಪತ್ತೈದು ವರ್ಷ ಬಿಟ್ಟು ಬೇರೆಯವರು ಬಂದು ‘ಮತ್ತೆ ಚಿಗುರಿದ ಕಣಿವೆ’ ಎಂದರು. ಆ ಚಿತ್ರದಲ್ಲೂ ಎಮಿಲ್, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಶನಿವಾರ ಪ್ರವಾಸಿಗರಿಗೆ ಪಾಳುಬಿದ್ದ ಕಾರ್ಖಾನೆ ತೋರಿಸುವ ಕೆಲಸವೂ ಅವನಿಗೇ ಸಿಕ್ಕಿತು.

“ಊರು ಹಾಳಾದಾಗ್ಲೂ ಅವ್ನೇ, ಉದ್ಧಾರ ಆದಾಗ್ಲೂ ಅವ್ನೇ,” ಎಂದು ವಾಲ್ಟ್ ಒಮ್ಮೆ ಗಸ್‌ಗೆ ಹೇಳಿದ್ದ. “ನಾವೇನು ಇಲ್ಲಿ ಬದುಕ್ಲೇ ಇಲ್ವಾ?”

*

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಎಲೆಕೋಸಿನಲ್ಲಿ ಸುತ್ತಿದ ಮಾಂಸ, ಉದ್ದದ ಮೇಜಿನ ತುಂಬ ಹೆಂಗಸರು ಮನೆಯಿಂದ ತಂದ ಬಿಸ್ಕತ್ತುಗಳು. ಗಸ್ ಕೋಟಿನ ಜೇಬಿಗೆ ಎರಡು ಇಳಿಸಿದ.

“ನಾಯಿಗೆ,” ಎಂದ.

“ನಿನ್ನ ನಾಯಿ ಸತ್ತು ಆರು ವರ್ಷ ಆಯ್ತಲ್ಲೋ.”

“ಹಾಗಾದ್ರೆ ನಾನೇ ತಿನ್ನಬೇಕು, ಏನ್ ಮಾಡೋದು?”

ಸುದ್ದಿ ಮಾಡಲು ಬಂದಿದ್ದ ಟಿವಿಯ ಹುಡುಗಿಯೊಬ್ಬಳು ಕ್ಯಾಮೆರಾದವನನ್ನು ಕರೆದುಕೊಂಡು ಅವರ ಮೇಜಿಗೆ ಬಂದಳು. “ಅಜ್ಜ, ಎಮಿಲ್ ಅವ್ರು ಎಷ್ಟು ಕೇಳಿದ್ರೂ ಆ ಕೊನೇ ದಿನದ ಬಗ್ಗೆ ಮಾತ್ರ ಬಾಯಿ ಬಿಡ್ತಿರ್ಲಿಲ್ಲ. ಅವತ್ತು ಕುಲುಮೆ ಹತ್ರ ಇದ್ದೋರು ಇನ್ಯಾರಾದ್ರೂ ಇದಾರಾ?”

“ನಾನಿದ್ದೆ,” ಎಂದ ವಾಲ್ಟ್.

ಗಸ್‌ನ ಫೋರ್ಕು ಬಾಯಿಯ ಹತ್ತಿರವೇ ನಿಂತಿತು. ಅವನು ವಾಲ್ಟ್‌ನನ್ನು ನೋಡಿದ, ಆಮೇಲೆ ತಟ್ಟೆಯನ್ನು ನೋಡಿದ. ವಾಲ್ಟ್ ಟೈ ಸರಿಮಾಡಿಕೊಂಡ.

“ನಿಮ್ಮ ಹೆಸರು?”

“ವಾಲ್ಟರ್ ಡುಡಾ. ಡಿ, ಯು, ಡಿ, ಎ.”

ಪಕ್ಕದ ಮೇಜಿನಿಂದ ಬರ್ನಿಸ್ ಎದ್ದು ಬಂದಳು. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ವಾಲ್ಟ್ ಅವಳ ಮುಖ ನೋಡದೆ ಕಾದ.

“ಹೌದಮ್ಮ, ಇವನನ್ನೇ ಕೇಳು,” ಎಂದು ಅವಳು ಕುರ್ಚಿ ಎಳೆದು ಅವನ ಎದುರಿಗೆ ಕೂತಳು. “ನನ್ನ ಗಂಡ ನನಗೂ ಹೇಳ್ಲಿಲ್ಲ, ವಾಲ್ಟ್. ಮೂವತ್ತೇಳು ವರ್ಷ ಕೇಳ್ದೆ. ಯಾರಿಗೆ ಹೇಳೋಕೆ ಹೋಗಿದ್ನೋ ಅವ್ನು ಬಾಗ್ಲು ಹಾಕ್ಕೊಂಡ, ಇನ್ನು ಯಾರಿಗೂ ಹೇಳಲ್ಲ ಅಂತಿದ್ದ. ಈಗ ನೀನೇ ಹೇಳು. ಬೆಂಕಿ ಹೇಗೆ ಆರ್ತು?”

ಹುಡುಗಿ ಮೈಕನ್ನು ವಾಲ್ಟ್‌ನ ಗಲ್ಲದ ಹತ್ತಿರ ತಂದಳು. ಕ್ಯಾಮೆರಾದ ಕೆಂಪು ದೀಪ ಹತ್ತಿತು. ಅಕ್ಕಪಕ್ಕದ ಮೇಜಿನವರು ಮಾತು ನಿಲ್ಲಿಸಿ ಇತ್ತ ತಿರುಗಿದರು. ವಾಲ್ಟ್ ಬಾಯಿ ತೆರೆದ.

ಬರ್ನಿಸ್ ಒಂದು ಬೆರಳಿಂದ ನರೆಗೂದಲು ಸರಿಸಿ, ಕಿವಿಯ ಯಂತ್ರದ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ, ಅವನ ಕಡೆಗೆ ಬಾಗಿದಳು.