ಎಲುಬಿಲ್ಲದ ನಾಗಪ್ಪ

ಸತ್ತೇಗಾಲದ ಗುರುಬಸಮ್ಮನ ಮನೆಯಲ್ಲಿ ಒಲೆಯ ಮೇಲೆ ಹಾಲು ಕಾಯುತ್ತಿತ್ತು. ಅದು ಮಗುವಿಗಲ್ಲ, ಹುತ್ತಕ್ಕೆ. ನಾಲ್ಕು ವರ್ಷದ ಮೊಮ್ಮಗಳು ಶಂಕರಿ ಚಾಪೆಯ ಮೇಲೆ ಹೊಟ್ಟೆ ಹಿಡಿದುಕೊಂಡು ಹೊರಳುತ್ತಿದ್ದಳು. ಕೈಕಾಲು ಕಡ್ಡಿ, ಹೊಟ್ಟೆ ಗುಡಾಣ. ಬೆಳಿಗ್ಗೆ ವಾಂತಿಯೊಡನೆ ಗೇಣುದ್ದದ ಬಿಳಿ ಹುಳುವೊಂದು ಬಿದ್ದಿತ್ತು. ಗುರುಬಸಮ್ಮ ಅದನ್ನು ಅರಿಸಿನದ ಬಟ್ಟೆಯಲ್ಲಿ ಸುತ್ತಿ ದೇವರ ಗೂಡಿನಲ್ಲಿಟ್ಟಿದ್ದಳು. ಅದು ನಾಗಪ್ಪನ ಮರಿ ಎಂದು ಆ ಮನೆಯವರ ನಂಬಿಕೆ. ಹರಕೆ ಮುಗಿಯುವವರೆಗೆ ಔಷಧಿ ಮುಟ್ಟುವಂತಿಲ್ಲ. ಒಳಗಿನ ಮರಿಗಳು ಸತ್ತರೆ ವಂಶಕ್ಕೆ ಶಾಪ.

ಹೋದ ವರ್ಷ ಶಂಕರಿಯ ಅಣ್ಣ ಮಹದೇವುಗೂ ಹೀಗೇ ಹರಕೆ ಕಟ್ಟಿದ್ದರು. ಅದು ಮುಗಿಯುವ ಮೊದಲೇ ಅವನನ್ನು ಹೂಳಿದರು.

ಸುದ್ದಿ ತಿಳಿದು ಸೊಸೆ ಸುವರ್ಣಮ್ಮನ ತಮ್ಮ, ಹನೂರಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದ ಗುರುಪಾದಸ್ವಾಮಿ ಬಂದ.

"ಗಾಡಿ ಕಟ್ಟಿ ಭಾವ. ಕೊಳ್ಳೇಗಾಲದ ಆಸ್ಪತ್ರೆಗೆ ಹೋಗುವ. ಹುಳ ಕರುಳಲ್ಲಿ ಗಂಟು ಕಟ್ಕಂಡವೆ."

ಭಾವ ಪುಟ್ಟಮಲ್ಲಪ್ಪ ತಾಯಿಯ ಮುಖ ನೋಡಿದ.

"ಉಳ ಅಂತೆ ಉಳ!" ಎಂದಳು ಗುರುಬಸಮ್ಮ. "ನಾಕಕ್ಷರ ಕಲ್ತ್‌ಬುಟ್ರೆ ನಾಗಪ್ಪ ಉಳ ಆಗ್‌ಬುಟ್ಟನಾ ಮೇಷ್ಟ್ರೇ? ಅದ್ರ ನುಣುಪು ನೋಡು, ಅರ್ದಾಡೋದ್ ನೋಡು."

"ಉದ್ದಕಿರೋದೆಲ್ಲ ಹಾವಾದ್ರೆ ಪಡವಲಕಾಯೂ ಹಾವೇಯಾ ಅತ್ತೆಮ್ಮ? ಹಾವಿನ ಕುಲವೇ ಬೇರೆ. ಅದಕ್ಕೆ ಬೆನ್ನೆಲುಬದೆ. ಮೀನು, ಕಪ್ಪೆ, ಹಕ್ಕಿ, ನಾವು, ಎಲ್ಲಾ ಅದರ ದಾಯಾದಿಗಳು. ಇದು ದುಂಡುಹುಳ, ಒಂದೆಲುಬೂ ಇಲ್ಲ. ಇದರ ಮೊಟ್ಟೆ ಹಿತ್ಲಲ್ಲಿ ಬಯಲಿಗೆ ಕೂತೆದ್ದ ಜಾಗದ ಮಣ್ಣಲ್ಲಿರ್ತದೆ. ಮಣ್ಗೈ ಬಾಯ್ಗೋದ್ರೆ ಹೊಟ್ಟೆ ಸೇರ್ತದೆ."

"ನಾವು ಆವಿನ ದಾಯಾದಿಗಳಂತೆ! ಕೇಳ್ದೇನೇ ಸುವರ್ಣಿ, ನಿನ್ ತಮ್ಮನ್ ಬುದ್ವಂತ್ಕೇಯ?"

"ಕುಯ್ದು ತೋರುಸ್ತೀನಿ, ಕೊಡಿ."

ಗುರುಬಸಮ್ಮ ಗೂಡಿಗೆ ಅಡ್ಡ ನಿಂತಳು. "ನನ್ನ ತುಳ್ಕಂಡು ತಕ್ಕೋ."

ಅವನು ಹಿಂದೆ ಸರಿದ. ಮಗು ಮತ್ತೆ ಕಾರಿಕೊಂಡಿತು. ಈ ಸಲ ಹಸಿರು ನೀರು.

ಸುವರ್ಣಮ್ಮ ಅಡಿಗೆಮನೆಯಿಂದ ಈಳಿಗೆಮಣೆ ತಂದಳು. ಅತ್ತೆಯ ತೋಳನ್ನು ಪಕ್ಕಕ್ಕೆ ಸರಿಸಿ, ಬಟ್ಟೆ ಬಿಚ್ಚಿ, ಹುಳುವನ್ನು ಅಲಗಿಗೆ ಒತ್ತಿದಳು. ನೀರು ಚಿಮ್ಮಿತು, ನೂಲಿನಂಥ ಎಳೆಗಳು ಹೊರಬಂದವು. ಸೊಪ್ಪು ಸೋಸುವಂತೆ ಎರಡು ಬೆರಳಲ್ಲಿ ತುದಿಯಿಂದ ತುದಿಗೆ ಹಿಸುಕಿ ನೋಡಿದಳು.

"ಎಲುಬಿಲ್ಲ," ಎಂದಳು. "ಗಾಡಿ ಕಟ್ಟಿ. ಕಟ್ನಿಲ್ಲ ಅಂದ್ರೆ ಎತ್ಕಂಡು ನಡೀತೀನಿ."

"ಪಾಪ ನಿನ್ ತಲೆಗೇ ಸುತ್ಕೊಳ್ಳದು!"

"ಸುತ್ಕಳ್ಳಿ."

ಪುಟ್ಟಮಲ್ಲಪ್ಪ ಎತ್ತುಗಳ ಕಡೆ ಓಡಿದ.

ಎರಡು ದಿನದ ನಂತರ ಗುರುಬಸಮ್ಮ ಆಸ್ಪತ್ರೆಗೆ ಬಂದಳು. ಮಗು ಗಂಜಿ ಕುಡಿಯುತ್ತಿತ್ತು. ಮಂಚದ ಕೆಳಗಿನ ಬೇಸಿನ್ನಿನಲ್ಲಿ ಔಷಧಿಗೆ ಬಿದ್ದ ಹುಳುಗಳು, ಒಂದರೊಳಗೊಂದು ಹೆಣೆದುಕೊಂಡು, ಸತ್ತು ಬಿದ್ದಿದ್ದವು. ಮುದುಕಿ ಬಗ್ಗಿ ನೋಡಿದಳು. ಕಡ್ಡಿಯಿಂದ ಒಂದನ್ನು ಒತ್ತಿ ನೋಡಿದಳು. ಆಮೇಲೆ ನೆಲದ ಮೇಲೇ ಕುಳಿತಳು.

"ಸುವರ್ಣಿ, ಮಹದೇವು ಒಟ್ಟೇಲಿದ್ದವೂ ಇವೇಯಾ?"

ಸುವರ್ಣಮ್ಮ ಬೇಸಿನ್ನನ್ನು ಎತ್ತಿಕೊಂಡು ಹೊರಗೆ ಹೋದಳು.